ಕ್ಲಚ್ ಸುಟ್ಟ ಬೆರಳು

ಎಡಗೈಯನ್ನು ನಾವು ಯಾರೂ ಗಂಭೀರವಾಗಿ ತೆಗೆದುಕೊಂಡವರಲ್ಲ. ಊಟಕ್ಕೆ ಅದು ಬೇಡ, ಸಹಿಗೆ ಬೇಡ, ಪ್ರಸಾದಕ್ಕೆಂದು ಅಪ್ಪಿತಪ್ಪಿ ಅದನ್ನು ಚಾಚಿದರೆ ಹಿರಿಯರು ಕಣ್ಣಲ್ಲೇ ಗದರಿಸುತ್ತಾರೆ. ಲೋಕಲ್ ರೈಲಿನಲ್ಲಿ ಹಿಡಿಕೆಗೆ ಜೋತುಬೀಳುವುದು, ತರಕಾರಿ ಚೀಲ ಹೊರುವುದು, ಇಂಥ ಚಿಲ್ಲರೆ ಕೆಲಸಗಳಲ್ಲೇ ಅದರ ಆಯುಷ್ಯ ಕಳೆಯುತ್ತದೆ. ಹೀಗೆ ಹುಟ್ಟಿದಂದಿನಿಂದ ಮೂಲೆಗೆ ಬಿದ್ದ ಆ ಕೈಗೆ ಒಂದು ಅಧಿಕಾರ ಸಿಗುವುದು ಮೋಟಾರ್‌ಸೈಕಲ್ ಹತ್ತಿದಾಗ ಮಾತ್ರ. ಎಂಜಿನ್ನಿಗೂ ಚಕ್ರಕ್ಕೂ ಈ ಕ್ಷಣ ಸಂಬಂಧ ಇರಬೇಕೋ ಬೇಡವೋ ಎಂದು ತೀರ್ಮಾನಿಸುವ ಕ್ಲಚ್ಚು ಅದರ ವಶದಲ್ಲಿರುತ್ತದೆ. ಹೊಸದಾಗಿ ಕುರ್ಚಿ ಸಿಕ್ಕವರು ಮಾಡುವುದನ್ನೇ ಅದೂ ಮಾಡುತ್ತದೆ. ಬೇಕಿರಲಿ ಬೇಡದಿರಲಿ, ಎರಡು ಬೆರಳು ಸದಾ ಆ ಲಿವರಿನ ಮೇಲೆ. ಪೂರ್ತಿ ಒತ್ತುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಇದಕ್ಕೆ ನಮ್ಮ ಡೊಂಬಿವಲಿಯ ಮೆಕ್ಯಾನಿಕ್ಕುಗಳು ಇಟ್ಟಿರುವ ಹೆಸರು ಹಾಫ್ ಕ್ಲಚ್. ಹಾಗೆ ಓಡಿಸಿದರೆ ಒಳಗಿನ ಪ್ಲೇಟುಗಳು ಉಜ್ಜಿ ಉಜ್ಜಿ ಸುಟ್ಟುಹೋಗುತ್ತವೆ. ನಾನು ಹಾಫ್ ಕ್ಲಚ್ಚಿನ ಮನುಷ್ಯ ಎಂಬುದು ನನ್ನ ಮಾವನವರ ಆರೋಪ. ಅಲ್ಲ, ಅವರೇ ಎಂಬುದು ನನ್ನ ವಾದ. ಈ ಮೊಕದ್ದಮೆ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ನಡೆಯಿತು.

ಮಾವ ಎಂದರೆ ನನ್ನ ಹೆಂಡತಿ ಜಯಂತಿಯ ಅಪ್ಪ. ಕುಂದಾಪುರದ ಕಡೆಯವರು. ಮೀಸೆ ಮೂಡುವ ವಯಸ್ಸಿನಲ್ಲಿ ಠಾಣೆ ಶಹರಕ್ಕೆ ಬಂದು, ಅಲ್ಲಿನ ಕೋಪರಿಯಲ್ಲಿ ಸ್ಟೇಷನ್ ಬದಿಯ ಒಂದು ಹೋಟೆಲಿನ ದೋಸೆ ಕಾವಲಿಯ ಮುಂದೆ ನಿಂತವರು ಅರ್ಧ ಆಯುಷ್ಯ ಕಳೆದ ಮೇಲೆ ಹಣ ಎಣಿಸುವ ಗಲ್ಲೆಗೆ ಬಂದು ಕೂತರು. ಮೊಕದ್ದಮೆಗೆ ಮೂಲವಾದ ಬೈಕನ್ನು ಅವರು ಕೊಂಡದ್ದು ಕಾವಲಿಯಿಂದ ಗಲ್ಲೆಗೆ ಬಡ್ತಿ ಸಿಕ್ಕಿದ ವರ್ಷ. ಕಪ್ಪು ಬಣ್ಣ, ಉದ್ದ ಸೀಟು, ಟ್ಯಾಂಕಿನ ಮೇಲೆ ವೆಂಕಟರಮಣನ ಸ್ಟಿಕ್ಕರು. ಮೊಣಕಾಲು ಮಾತು ಕೇಳದಂತಾದಾಗ ಅದನ್ನು ನನಗೆ ಕೊಟ್ಟರು. ಮಗಳನ್ನು ಧಾರೆಯೆರೆದು ಕೊಡುವಾಗ ಹೇಳದಷ್ಟು ಬುದ್ಧಿವಾದವನ್ನು ಬೈಕು ಕೊಡುವಾಗ ಹೇಳಿದರು. ಮಳೆಗೆ ನಿಲ್ಲಿಸಬಾರದು, ಬೇರೆಯವರ ಕೈಗೆ ಕೊಡಬಾರದು, ಕ್ಲಚ್ಚಿನ ಮೇಲೆ ಬೆರಳಿಟ್ಟು ಓಡಿಸಬಾರದು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ರಬಾಳೆಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸ ಮಾಡುವವನಿಗೆ ತಲೆಯಾಡಿಸುವುದು ಚೆನ್ನಾಗಿ ಅಭ್ಯಾಸವಾಗಿರುತ್ತದೆ.

ಬೈಕು ನನ್ನದಾದರೂ ಒಂದು ಹಕ್ಕನ್ನು ಮಾವ ಬಿಟ್ಟುಕೊಟ್ಟಿರಲಿಲ್ಲ. ಪ್ರತಿ ವರ್ಷ ವಿಜಯದಶಮಿಯ ದಿನ ಅವರು ಬೆಳಗಿನ ರೈಲಿನಲ್ಲಿ ಡೊಂಬಿವಲಿಗೆ ಬರುತ್ತಿದ್ದರು. ಹಿಂದಿನ ದಿನ ಆಯುಧ ಪೂಜೆ ಮಾಡಿಸಿಕೊಂಡು ನಿಂತ ಬೈಕು ಆ ದಿನ ಮೊದಲ ಬಾರಿಗೆ ಕದಲಬೇಕು, ಅದರ ಹಿಂದಿನ ಸೀಟಿನಲ್ಲಿ ಮಾವ ಇರಬೇಕು, ಮೊದಲ ಸವಾರಿ ಕೋಪರಿಯ ಆ ಹೋಟೆಲಿಗೇ ಹೋಗಬೇಕು. ಅಲ್ಲಿ ಹಳೆಯ ಜೊತೆಗಾರರು ಹೊರಬಂದು ಬೈಕಿನ ಸುತ್ತ ನಿಲ್ಲುತ್ತಿದ್ದರು. ಬೈಕಿನ ಯೋಗಕ್ಷೇಮ ವಿಚಾರಿಸಿದ ಮೇಲೆ ನನ್ನದನ್ನೂ ವಿಚಾರಿಸುತ್ತಿದ್ದರು. ಆ ವರ್ಷ ಮಾತ್ರ ವಿಷಯ ಬೇರೆಯಿತ್ತು. ದೀಪಾವಳಿ ಕಳೆದ ಮೇಲೆ ಮಾವನ ಎರಡೂ ಮೊಣಕಾಲಿಗೆ ಆಪರೇಶನ್ ಎಂದು ಗೊತ್ತಾಗಿತ್ತು. ಆಮೇಲೆ ಕಾಲು ಅಗಲಿಸಿ ಬೈಕಿನ ಮೇಲೆ ಕೂರುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಂದರೆ ಆ ವಿಜಯದಶಮಿಯದ್ದೇ ಕೊನೆಯ ಸವಾರಿ. ಮನೆಯಲ್ಲಿ ಯಾರೂ ಈ ಮಾತನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ, ಆದರೆ ನವರಾತ್ರಿ ಹತ್ತಿರವಾದಂತೆ ಎಲ್ಲರ ತಲೆಯಲ್ಲೂ ಅದೇ ಇತ್ತು.

ಸರಿಯಾಗಿ ಆಗಲೇ ಕ್ಲಚ್ಚು ಕೈಕೊಟ್ಟಿತು. ಡೊಂಬಿವಲಿ ಈಸ್ಟಿನಿಂದ ವೆಸ್ಟಿಗೆ ದಾಟುವ ರೈಲ್ವೆ ಸೇತುವೆಯ ಏರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ನು ದೊಡ್ಡ ದನಿಯಲ್ಲಿ ಕೂಗಿತೇ ವಿನಾ ಗಾಡಿ ಮುಂದೆ ಹೋಗಲಿಲ್ಲ. ಇನ್ನಷ್ಟು ತಿರುಗಿಸಿದೆ, ಇನ್ನಷ್ಟು ಕೂಗಿತು. ಭಾಷಣವೆಲ್ಲ ಜೋರು, ಕೆಲಸ ಸೊನ್ನೆ. ಹಿಂದಿನಿಂದ ಬಂದ ಒಂದು ಶೇರ್ ರಿಕ್ಷಾ ನನ್ನನ್ನು ದಾಟಿತು, ಅದನ್ನು ಸಹಿಸಬಹುದು. ಬಾಳೆಹಣ್ಣಿನ ಕೈಗಾಡಿ ತಳ್ಳುವವನೂ ದಾಟಿಹೋದ. ಮನೆಗೆ ಬಂದು ಜಯಂತಿಗೆ ಹೇಳಿದೆ, ಜಯಂತಿ ಫೋನಿನಲ್ಲಿ ಅಪ್ಪನಿಗೆ ಹೇಳಿದಳು, ಐದು ನಿಮಿಷದಲ್ಲಿ ಫೋನು ನನ್ನ ಕೈಗೆ ಬಂತು.

"ಹ್ವಾಯ್, ಆ ಗಾಡಿ ನನ್ನ್ ಕೈಯಂಗೆ ಇಪ್ಪಷ್ಟ್ ದಿನ ಒಂದ್ ಸರ್ತಿಯೂ ಹೀಂಗ್ ಆಯ್ಲಿಲ್ಲ. ನೀವ್ ಬೆರಳ್ ಇಟ್ಕಂಡ್ ಓಡ್ಸಿ ಓಡ್ಸಿ ಸುಟ್ಟ್ ಹಾಕಿದ್ರಿ" ಎಂದರು ಮಾವ. ಅಳಿಯನನ್ನು ಬಹುವಚನದಲ್ಲೇ ಬೈಯುವುದು ನಮ್ಮ ಕಡೆಯ ಮರ್ಯಾದೆ. ನಾನೂ ಮರ್ಯಾದೆ ಬಿಡದೆ, ಅವರ ಕಾಲದಲ್ಲಿ ಅರ್ಧ ಸುಟ್ಟದ್ದು ನನ್ನ ಕಾಲದಲ್ಲಿ ಪೂರ್ತಿ ಸುಟ್ಟಿರಬಹುದಲ್ಲ ಎಂದೆ. ಮಾವ ಫೋನು ಇಟ್ಟುಬಿಟ್ಟರು. ಮನೆಯಲ್ಲಿ ಇಬ್ಬರ ಹಿಂದೆಯೂ ಕೂತು ತಿರುಗಿದ ಒಬ್ಬಳೇ ಸಾಕ್ಷಿ ಜಯಂತಿ. ಮದುವೆಗೆ ಮುಂಚೆ ಅಪ್ಪನ ಹಿಂದೆ, ಮದುವೆಯ ನಂತರ ನನ್ನ ಹಿಂದೆ. ನೀನೇ ಹೇಳು, ಯಾರ ಬೆರಳು ಕ್ಲಚ್ಚಿನ ಮೇಲೆ ಇರುತ್ತಿತ್ತು ಎಂದು ಕೇಳಿದೆ. "ನಂಗೆಂತ ಗೊತ್ತಿತ್? ಹಿಂದ್ ಕೂಕಂಡವ್ರಿಗೆ ಬೆನ್ನ್ ಮಾತ್ರ ಕಾಂಬುದ್" ಎಂದು ಉದ್ದು ತೊಳೆಯಲು ಹೊರಟುಹೋದಳು. ಇಷ್ಟು ಜಾಣ ಸಾಕ್ಷಿಯನ್ನು ಯಾವ ಕೋರ್ಟೂ ಕಂಡಿರಲಾರದು.

ಮೆಕ್ಯಾನಿಕ್ಕಿನ ಬಳಿ ಹೋಗಬಹುದಿತ್ತು. ಆದರೆ ದಸರೆಯ ಮುಂಚಿನ ವಾರ ಅವರ ಅಂಗಡಿಗಳ ಮುಂದೆ ಗಾಡಿಗಳು ರಸ್ತೆಯ ಅರ್ಧದವರೆಗೆ ನಿಂತಿರುತ್ತವೆ. ಹಬ್ಬ ಕಳೆದ ಮೇಲೆ ತನ್ನಿ ಎಂದರು. ಇದು ಲೋಕಕ್ಕೆ ಹೇಳುವ ಕಾರಣ. ನಿಜವಾದ ಕಾರಣ ಮಾವನ ಆ ಮಾತು. ನನ್ನ ಕೈ ಗಾಡಿಯನ್ನು ಕೆಡಿಸುತ್ತದೆ ಎಂದವರಿಗೆ, ಅದೇ ಕೈ ಅದನ್ನು ರಿಪೇರಿಯೂ ಮಾಡುತ್ತದೆ ಎಂದು ತೋರಿಸಬೇಕಿತ್ತು. ಸ್ಟೋರ್ಸಿನಲ್ಲಿ ದಿನವೂ ಬೋಲ್ಟು, ಬೇರಿಂಗು, ಗ್ಯಾಸ್ಕೆಟ್ಟುಗಳನ್ನು ಎಣಿಸಿ ಕೊಡುವವನು ನಾನು. ಅವು ಯಾವುದರೊಳಗೆ ಹೋಗುತ್ತವೆ, ಹೋಗಿ ಏನು ಮಾಡುತ್ತವೆ ಎಂಬುದನ್ನು ಮಾತ್ರ ನೋಡಿದವನಲ್ಲ. ಕಾರ್ಖಾನೆಯ ಫಿಟ್ಟರ್ ಒಬ್ಬರು ಊಟದ ಹೊತ್ತಿನಲ್ಲಿ, ಚಪಾತಿಗಳನ್ನು ಒಂದರ ಮೇಲೊಂದು ಪೇರಿಸಿ ಕ್ಲಚ್ಚನ್ನು ವಿವರಿಸಿದರು. ಒಂದು ಸ್ಟೀಲ್ ಪ್ಲೇಟು, ಒಂದು ಕಾರ್ಕ್ ಪ್ಲೇಟು, ಮತ್ತೊಂದು ಸ್ಟೀಲು, ಮತ್ತೊಂದು ಕಾರ್ಕು. ಮೇಲಿನಿಂದ ಸ್ಪ್ರಿಂಗುಗಳು ಒತ್ತಿ ಹಿಡಿದಾಗ ಎಲ್ಲವೂ ಒಟ್ಟಿಗೆ ತಿರುಗುತ್ತವೆ, ಲಿವರ್ ಒತ್ತಿದಾಗ ಬಿಡಿಬಿಡಿಯಾಗುತ್ತವೆ. ಎಲ್ಲ ಅರ್ಥವಾಯಿತು ಎಂದು ಹೇಳಿ ನಾನು ಆ ಚಪಾತಿಗಳಲ್ಲಿ ಎರಡನ್ನು ತಿಂದೆ.

ದುರ್ಗಾಷ್ಟಮಿಯ ದಿನ ರಜೆ ಹಾಕಿ, ಕಲ್ಯಾಣದ ಅಂಗಡಿಯಿಂದ ಹೊಸ ಪ್ಲೇಟು, ಗ್ಯಾಸ್ಕೆಟ್ಟು, ಎಣ್ಣೆ ತಂದು, ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ಕೆಲಸ ಶುರು ಮಾಡಿದೆ. ಹಳೆಯ ಎಂಜಿನ್ ಆಯಿಲ್ ಇಳಿಸಿದೆ. ಕಿಕ್ ತೆಗೆದೆ. ಬಲಬದಿಯ ಮುಚ್ಚಳದ ಬೋಲ್ಟುಗಳು ಒಂದೊಂದೂ ಒಂದೊಂದು ಉದ್ದ. ಯಾವುದು ಎಲ್ಲಿಯದೆಂದು ಮರೆಯದಿರಲು ಮಿಠಾಯಿ ಡಬ್ಬದ ರಟ್ಟಿನ ಮೇಲೆ ಮುಚ್ಚಳದ ಚಿತ್ರ ಬರೆದು, ತೂತು ಮಾಡಿ, ಆಯಾ ಜಾಗದಲ್ಲಿ ಚುಚ್ಚಿಟ್ಟೆ. ಈ ಉಪಾಯ ಹೊಳೆದದ್ದಕ್ಕೆ ನನಗೆ ನನ್ನ ಮೇಲೆ ಗೌರವ ಮೂಡಿತು. ಮುಚ್ಚಳ ಕಳಚಿದಾಗ ಸುಟ್ಟ ವಾಸನೆ ಮುಖಕ್ಕೆ ಹೊಡೆಯಿತು. ಪ್ಲೇಟುಗಳ ಕಾರ್ಕು ಕರಕಲಾಗಿತ್ತು, ಸ್ಟೀಲು ಕಾದು ನೀಲಿಯಾಗಿತ್ತು. ಅದರಲ್ಲಿ ಬೆರಳಚ್ಚು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ.

ನಮ್ಮ ಕಟ್ಟಡದ ವಾಚ್‌ಮನ್ ಮಲ್ಲಣ್ಣ ಕಲಬುರಗಿಯ ಕಡೆಯವರು. ಅಷ್ಟು ಹೊತ್ತು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದವರು ಎದ್ದುಬಂದು ಬಗ್ಗಿದರು. "ಸಾಹೇಬ್ರ, ಗಾಡಿ ಹೊಟ್ಟಿ ಕೊಯ್ದ್ ಇಟ್ಟೀರಲ್ರೀ! ಮತ್ತ ಕೂಡತದೇನ್ರಿ ಇದು?" ಕೂಡುತ್ತದೆ ಎಂದೆ. "ಕೂಡಲಿ ಬಿಡ್ರಿ, ದೇವ್ರು ದೊಡ್ಡಾಂವ" ಎಂದು ಮತ್ತೆ ಸ್ಟೂಲಿಗೆ ಹೋದರು. ಆ ಸಮಾಧಾನದಿಂದ ನನಗೆ ಇನ್ನಷ್ಟು ಭಯವಾಯಿತು. ಅಷ್ಟರಲ್ಲಿ ಸೊಸೈಟಿಯ ಸೆಕ್ರೆಟರಿ ಜೋಶಿಯವರು ಬಂದು, ಹೊಸದಾಗಿ ಹಾಕಿಸಿದ ನೆಲದ ಮೇಲೆ ಬಿದ್ದ ಎಣ್ಣೆಯ ಹನಿಯನ್ನೂ ನನ್ನನ್ನೂ ಸರದಿಯಂತೆ ನೋಡಿ, "ಇಥೇ ಗ್ಯಾರೇಜ್ ನಾಹಿ ಚಾಲಣಾರ್" ಎಂದರು. ಇಲ್ಲಿ ಗ್ಯಾರೇಜು ನಡೆಯುವುದಿಲ್ಲ. ಸರಿ, ಬೈಕಿನ ಬಾಯಿ ತೆರೆದ ಹೊಟ್ಟೆಗೆ ಪ್ಲಾಸ್ಟಿಕ್ ಕಟ್ಟಿ ಅಲ್ಲೇ ಬಿಟ್ಟು, ಬಿಡಿಭಾಗಗಳನ್ನೆಲ್ಲ ಹೊತ್ತುಕೊಂಡು ಮೂರನೇ ಮಹಡಿಯ ಮನೆಗೆ ಹತ್ತಿದೆ.

ಹೊಸ ಕಾರ್ಕ್ ಪ್ಲೇಟುಗಳನ್ನು ಹಾಗೇ ಹಾಕುವಂತಿಲ್ಲ, ಮೊದಲು ಎಂಜಿನ್ ಎಣ್ಣೆಯಲ್ಲಿ ನೆನೆಹಾಕಬೇಕು. ಇದನ್ನು ಜಯಂತಿಗೆ ಹೇಳಿದಾಗ ಅವಳಿಗೆ ಕ್ಲಚ್ಚಿನ ಬಗ್ಗೆ ಮೊದಲ ಬಾರಿ ಆದರ ಮೂಡಿದಂತೆ ಕಂಡಿತು. ನಮ್ಮ ಅಡುಗೆಮನೆಯಲ್ಲಿ ಏನಾದರೊಂದು ನೆನೆಯದೆ ಯಾವ ರಾತ್ರಿಯೂ ಕಳೆದದ್ದಿಲ್ಲ. ಉದ್ದು, ಅಕ್ಕಿ, ಮೆಂತೆ, ಹೆಸರು, ಸಾಲಾಗಿ ಕೂತಿರುತ್ತವೆ. ಅವುಗಳ ಪಕ್ಕ ಒಂದು ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ನನ್ನ ಪ್ಲೇಟುಗಳಿಗೂ ಜಾಗ ಸಿಕ್ಕಿತು. ಅವಳು ಅದರ ಮೇಲೂ ಒಂದು ತಟ್ಟೆ ಮುಚ್ಚಿ, ಎಷ್ಟು ಹೊತ್ತಿಗೆ ನೆನೆಯುತ್ತದೆ ಎಂದು ವಿಚಾರಿಸಿದಳು. ನಾಳೆ ಬೆಳಿಗ್ಗೆ ಜೋಡಿಸಿ ಮುಗಿಸಿದರೆ ನಾಡಿದ್ದು ಮಾವ ಬರುವ ಹೊತ್ತಿಗೆ ಗಾಡಿ ಸಿದ್ಧ ಎಂದು ನಾನು ಲೆಕ್ಕ ಹಾಕಿದೆ.

ಕ್ಯಾಲೆಂಡರು ಗೋಡೆಯ ಮೇಲೆಯೇ ಇತ್ತು, ನಾನು ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಸ್ಪ್ಯಾನರ್ ತೆಗೆದುಕೊಂಡು ಕೆಳಗೆ ಹೊರಟವನನ್ನು ಜಯಂತಿ ಬಾಗಿಲಲ್ಲೇ ತಡೆದಳು. "ಹ್ವಾಯ್, ಇವತ್ತ್ ನವಮಿ. ಆಯುಧ ಮುಟ್ಟೂಕಾಗ" ಎಂದಳು. ಇದು ಆಯುಧ ಅಲ್ಲ ಕಣೇ, ಸ್ಪ್ಯಾನರ್ ಎಂದೆ. "ಮತ್ತೆ ಆಯುಧ ಅಂದ್ರೆ ಎಂತ? ನಮ್ಮನಿಯಂಗೆ ಗದೆ ಇತ್ತಾ?" ಎಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡೇಬಿಟ್ಟಳು. ನಮ್ಮಲ್ಲಿ ಆಯುಧ ಪೂಜೆಗೆ ಇಟ್ಟ ವಸ್ತುವನ್ನು ಮರುದಿನ ಪೂಜೆ ಮಾಡಿ ಕದಲಿಸುವವರೆಗೆ ಬಳಸುವಂತಿಲ್ಲ. ದೇವರ ಮುಂದಿನ ಮಣೆಯ ಮೇಲೆ ಆಗಲೇ ಕತ್ತಿ, ಕತ್ತರಿ, ತೆಂಗಿನಕಾಯಿಯ ಹೆರೆಮಣೆ, ಮಿಕ್ಸರಿನ ಜಾರುಗಳು ಸಾಲಾಗಿ ಕೂತಿದ್ದವು. ಆಗ ಶಾಲೆಗೆ ಹೋಗುತ್ತಿದ್ದ ನಮ್ಮ ಮಗಳು ಅಶ್ವಿನಿ ತನ್ನ ಗಣಿತದ ಪುಸ್ತಕವನ್ನು ಯಾರೂ ಹೇಳದಿದ್ದರೂ ತಂದು ಇಟ್ಟು, ಇನ್ನು ನಾಳೆಯವರೆಗೆ ಇದನ್ನು ಮುಟ್ಟುವಂತಿಲ್ಲ ಎಂದು ಎಲ್ಲರಿಗೂ ನೆನಪಿಸುತ್ತಿದ್ದಳು. ನನ್ನ ಸ್ಪ್ಯಾನರುಗಳೂ ಅವುಗಳ ಜೊತೆ ಸೇರಿದವು.

ನಾನು ಬೇಸರದಿಂದ ಸ್ನಾನಕ್ಕೆ ಹೋದೆ. ಪೂಜೆ ಮುಗಿಯಲಿ, ನಾಳೆ ಬೆಳಿಗ್ಗೆ ಬೇಗ ಎದ್ದರಾಯಿತು, ಪ್ಲೇಟುಗಳು ಇನ್ನೂ ಒಂದು ದಿನ ನೆನೆಯುವುದು ಒಳ್ಳೆಯದೇ ಎಂದು ಸಮಾಧಾನ ಮಾಡಿಕೊಂಡು ಹೊರಬಂದೆ. ಬಂದು ದೇವರ ಮುಂದೆ ನೋಡಿದರೆ ಹರಿವಾಣದಲ್ಲಿ ನನ್ನ ಕ್ಲಚ್ ಪ್ಲೇಟುಗಳು ಹೋಳಿಗೆ ಬಡಿಸಿದಂತೆ ಸುತ್ತ ಕೂತಿದ್ದವು. ಒಂದೊಂದಕ್ಕೂ ತೇಯ್ದ ಗಂಧ, ಗಂಧದ ಮೇಲೆ ಕುಂಕುಮ, ಕುಂಕುಮದ ಮೇಲೆ ಅಕ್ಷತೆ. ಸ್ಪ್ರಿಂಗುಗಳೊಳಗೆ ಒಂದೊಂದು ಸೇವಂತಿಗೆ. ಇದೇನು ಮಾಡಿದೆ ಎಂದೆ.

"ಎಣ್ಣೆಯಂಗೆ ಮುಳ್ಗಿದ್ದಕ್ಕೆ ಕುಂಕುಮ ಹೆಂಗ್ ನಿಲ್ಲತ್ತ್? ಅದ್ಕೇ ಹೊರ್ಗ್ ತೆಗ್ದ್ ಚಂದ ಮಾಡಿ ಒರ್ಸಿ ಹಾಕ್ದೆ" ಎಂದಳು ಜಯಂತಿ. ಒರೆಸಿದ್ದು ಬಿಳಿಯ ಹೊಸ ಬಟ್ಟೆಯಲ್ಲಂತೆ. ಕೆಳಗೆ ಬೈಕಿಗೆ ಮಾಡಿದ್ದರೆ ಸಾಕಿತ್ತಲ್ಲ ಎಂದು ಕೇಳಿದೆ. "ಗಾಡಿಯ ಮೈ ಕೆಳ್ಗಿತ್, ಜೀವ ಇಲ್ಲಿತ್. ಬರೀ ಮೈಗ್ ಪೂಜೆ ಮಾಡ್ರೆ ಸಾಕಾ?" ಎಂದಳು. ಮತ್ತೆ ದನಿ ತಗ್ಗಿಸಿ, "ನಾಳೆ ಅಪ್ಪಯ್ಯ ಕೂಕಂಬ ಗಾಡಿ ಅಲ್ದಾ?" ಎಂದಳು. ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮಂಗಳಾರತಿಯನ್ನು ಮೊದಲು ಮೇಲೆ ಜೀವಕ್ಕೆ ಎತ್ತಿ, ಆರದಂತೆ ಕೈ ಅಡ್ಡ ಹಿಡಿದು ಮೂರು ಮಹಡಿ ಇಳಿದು, ಕೆಳಗೆ ಮೈಗೂ ಎತ್ತಿದೆವು. ಪ್ಲಾಸ್ಟಿಕ್ ಕಟ್ಟಿದ ಹೊಟ್ಟೆಯ ಮೇಲೆ ಹಾರ ಹಾಕಿಸಿಕೊಂಡ ಬೈಕು ಆಸ್ಪತ್ರೆಯಲ್ಲೇ ಸನ್ಮಾನ ಮಾಡಿಸಿಕೊಂಡವರಂತೆ ನಿಂತಿತ್ತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಮಲ್ಲಣ್ಣ ಕೈಮುಗಿದರು.

ವಿಜಯದಶಮಿಯ ಬೆಳಿಗ್ಗೆ ಪೂಜೆ ಮುಗಿಸಿ, ಎಲ್ಲವನ್ನೂ ಕದಲಿಸಿದ ಮೇಲೆ ನಾನು ಬಾಲ್ಕನಿಯಲ್ಲಿ ಕೂತು ಪೆಟ್ರೋಲು ಅದ್ದಿದ ಬಟ್ಟೆಯಿಂದ ಪ್ಲೇಟನ್ನು ಒರೆಸಲು ಹೊರಟೆ. ಗಂಧ ಒಣಗಿ ಕಾರ್ಕಿನ ಸೀಳುಗಳೊಳಗೆ ಗಟ್ಟಿಯಾಗಿತ್ತು. ದೇವರ ಕುಂಕುಮವನ್ನು ಪೆಟ್ರೋಲಿನಲ್ಲಿ ಒರೆಸುತ್ತಾರಾ ಎಂದು ಜಯಂತಿ ಅಡ್ಡ ಬಂದಳು. ಒರೆಸದಿದ್ದರೆ ಕ್ಲಚ್ಚು ಹಿಡಿಯುವುದಿಲ್ಲ ಎಂದು ನಾನು. ಹಿಡಿಯದಿದ್ದರೂ ಪರವಾಗಿಲ್ಲ, ಈ ಗಾಡಿಗೆ ಇವತ್ತು ಅಪಚಾರ ಆಗಬಾರದು ಎಂದು ಅವಳು. ಹಿಡಿಯದಿದ್ದರೆ ಹೋಗುವುದು ಹೇಗೆ ಎಂದು ನಾನು. ಇಬ್ಬರ ದನಿಯೂ ಏರಿದ ಹೊತ್ತಿಗೆ ಬಾಗಿಲಲ್ಲಿ ಮಾವ ನಿಂತಿದ್ದರು. ಇಸ್ತ್ರಿ ಹಾಕಿದ ಬಿಳಿ ಶರ್ಟು, ಕೈಯಲ್ಲಿ ತಮ್ಮದೇ ಹಳೆಯ ಹೆಲ್ಮೆಟ್ಟು. ಮೂರು ಮಹಡಿ ಹತ್ತಿದ ಮೊಣಕಾಲನ್ನು ಉಜ್ಜಿಕೊಳ್ಳುತ್ತ ಕುರ್ಚಿಯಲ್ಲಿ ಕೂತು, ಹರಿವಾಣವನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದು ಪ್ಲೇಟನ್ನು ಎತ್ತಿ ನೋಡಿದರು. ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ.

"ಇದಕ್ಕ್ ಎಂತಕ್ಕ್ ಜಗಳ?" ಎಂದರು ಮಾವ. "ಹೋಟ್ಲಂಗೆ ಕಾವಲಿಗೆ ಕುಂಕುಮ ಹಾಕುದಿಲ್ಯಾ? ಮರ್ದಿನ ಅದನ್ನ್ ಯಾರೂ ತೊಳುದಿಲ್ಲೆ, ಒರ್ಸುದೂ ಇಲ್ಲೆ. ಮೊದಲ್ನೇ ದ್ವಾಸಿ ಹೊಯ್ಯುದ್. ಗಂಧ, ಕುಂಕುಮ ಎಲ್ಲಾ ಅದ್ರೊಟ್ಟಿಗೆ ಎದ್ದ್ ಬತ್ತ್. ಆ ದ್ವಾಸಿ ಗಿರಾಕಿಗಲ್ಲ, ಕಾವಲಿಗೆ. ಎರಡ್ನೇ ದ್ವಾಸಿಯಿಂದ ವ್ಯಾಪಾರ."

ನಾವಿಬ್ಬರೂ ಅವರ ಮುಖ ನೋಡಿದೆವು. "ಹಾಂಗೇ ಇದಕ್ಕೂ. ಮೊದಲ್ನೇ ಎಣ್ಣೆ ಪ್ಲೇಟಿಗೆ ಬಿಡಿ. ಅದ್ರಂಗೇ ಮುಳ್ಗಿಸಿ ಬೆರಳಂಗೆ ಉಜ್ಜಿ ಎಬ್ಸಿ. ಎರಡ್ನೇ ಎಣ್ಣೆ ಗಾಡಿಗೆ." ಜಯಂತಿಯ ಮುಖ ಅರಳಿತು. ಪೆಟ್ರೋಲಿನಲ್ಲಿ ಅಪಚಾರವಾದದ್ದು ಎಣ್ಣೆಯಲ್ಲಿ ಅಭ್ಯಂಜನವಾಯಿತು. ಮಾವ ಶರ್ಟಿನ ತೋಳು ಮಡಚಿ ತಾವೇ ಒಂದೊಂದು ಪ್ಲೇಟನ್ನೂ ಎಣ್ಣೆಯಲ್ಲಿ ತೊಳೆದರು. ಅಷ್ಟು ವರ್ಷ ಸುಡುವ ಕಾವಲಿಯ ಮುಂದೆ ಕೆಲಸ ಮಾಡಿದ ಆ ಬೆರಳುಗಳು ಕಾರ್ಕಿನ ಸೀಳುಗಳಿಂದ ಗಂಧವನ್ನು ಎಬ್ಬಿಸುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ನನ್ನ ಜೊತೆಗಿನ ವ್ಯಾಜ್ಯವನ್ನು ಅವರು ಆ ಹೊತ್ತಿಗೆ ಮರೆತಂತೆ ಕಾಣುತ್ತಿತ್ತು. ನಾನೂ ಮರೆತಿದ್ದೆ. ಆಮೇಲೆ ಪ್ಲೇಟುಗಳು ಹೊಸ ಎಣ್ಣೆಯಲ್ಲಿ ಮತ್ತೆ ನೆನೆದವು, ನಾವು ಇಡ್ಲಿ ತಿಂದೆವು.

ಕೆಂಪಾದ ಆ ಮೊದಲನೆಯ ಎಣ್ಣೆಯನ್ನು ಎಲ್ಲಿ ಚೆಲ್ಲುವುದು ಎಂಬ ಪ್ರಶ್ನೆ ಎದ್ದಿತು. ಗಟಾರಕ್ಕೆ ಹಾಕಲು ಜಯಂತಿ ಒಪ್ಪಲಿಲ್ಲ, ತುಳಸಿಗೆ ಹಾಕಲು ನಾನು ಒಪ್ಪಲಿಲ್ಲ. ಕೊನೆಗೆ ಮಲ್ಲಣ್ಣ ಅದನ್ನು ಇಸಿದುಕೊಂಡು ಸೊಸೈಟಿಯ ಗೇಟಿನ ಕೀಲುಗಳಿಗೆ ಬಿಟ್ಟರು. ತೆರೆದಾಗಲೆಲ್ಲ ಇಡೀ ಕಟ್ಟಡವನ್ನು ಎಬ್ಬಿಸುತ್ತಿದ್ದ ಗೇಟು ಅಂದಿನಿಂದ ಬಾಯಿ ಮುಚ್ಚಿಕೊಂಡಿತು. ಜೋಶಿಯವರು ಮಾತ್ರ ಕೀಲಿನ ಮೇಲಿನ ಅಕ್ಷತೆಯ ಕಾಳನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದರಂತೆ. ಹಬ್ಬದ ದಿನವಾದ್ದರಿಂದ ಅವರು ಗ್ಯಾರೇಜಿನ ಮಾತು ಎತ್ತಲಿಲ್ಲ. ನಾನು ಚಪಾತಿಯ ಕ್ರಮವನ್ನು ನೆನಪಿಸಿಕೊಂಡು ಪ್ಲೇಟುಗಳನ್ನು ಜೋಡಿಸಿದೆ. ಸ್ಪ್ರಿಂಗು ಬಿಗಿದೆ, ಗ್ಯಾಸ್ಕೆಟ್ಟು ಕೂರಿಸಿದೆ, ರಟ್ಟಿನಿಂದ ಬೋಲ್ಟುಗಳನ್ನು ಒಂದೊಂದಾಗಿ ಕಿತ್ತು ಅವುಗಳ ಜಾಗಕ್ಕೆ ಹಾಕಿದೆ. ಎಣ್ಣೆ ತುಂಬಿ, ಲಿವರಿನ ಸಡಿಲ ಸರಿಮಾಡಿ, ಕಿಕ್ ಹೊಡೆದೆ. ಗೇರಿಗೆ ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಟ್ಟಾಗ ಬೈಕು ಸರಿಯಾಗಿ ಮುಂದೆ ಸರಿಯಿತು. ಚಕ್ರದ ಕೆಳಗಿನ ನಿಂಬೆಹಣ್ಣು ಟಪ್ಪೆಂದು ಒಡೆಯಿತು. ಸ್ಟೋರ್ಸಿನಿಂದ ಕೊಟ್ಟ ಬೋಲ್ಟು ಹೋಗಿ ಏನು ಮಾಡುತ್ತದೆ ಎಂಬುದು ನನಗೆ ಅಂದು ಗೊತ್ತಾಯಿತು.

ಮಾವನನ್ನು ಹಿಂದಿನ ಸೀಟಿಗೆ ಹತ್ತಿಸಲು ನಾನು, ಜಯಂತಿ, ಮಲ್ಲಣ್ಣ ಮೂವರೂ ಬೇಕಾದೆವು. ಹತ್ತಿ ಕೂತ ಮೇಲೆ ಅವರು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು, ಎಡಗೈಯನ್ನು ನನ್ನ ಎಡಭುಜದ ಮೇಲೆ ಇಟ್ಟು, "ಹೋಪ" ಎಂದರು. ಹೊರಟೆವು. ನಾನು ಆ ದಿನ ಪಣ ತೊಟ್ಟಿದ್ದೆ, ಗೇರು ಬದಲಿಸುವಾಗ ಬಿಟ್ಟರೆ ಕ್ಲಚ್ಚನ್ನು ಮುಟ್ಟಬಾರದು ಎಂದು. ಎಡಗೈಯ ಬೆರಳುಗಳೆಲ್ಲ ಹಿಡಿಕೆಯ ಸುತ್ತಲೇ ಇರಬೇಕು, ಹಿಂದೆ ಕೂತವರು ಇಣುಕಿ ನೋಡಿದರೂ ತಪ್ಪು ಸಿಗಬಾರದು.

ಮೊದಲ ಸಿಗ್ನಲ್ಲಿನಲ್ಲಿ ನಿಲ್ಲಿಸುವಾಗ ಭುಜದ ಮೇಲೆ ನಾಲ್ಕು ಬೆರಳು ಗಟ್ಟಿಯಾಗಿ ಒತ್ತಿದವು. ಹೊರಟಾಗ ಮೆಲ್ಲಗೆ ಸಡಿಲಾದವು. ಮಾವನಿಗೆ ಭಯವಾಗಿರಬೇಕು ಎಂದುಕೊಂಡೆ. ಎರಡನೇ ಗೇರಿಗೆ ಹಾಕುವಾಗ ಮತ್ತೆ ಒತ್ತಿದವು, ಬಿಟ್ಟವು. ಮೂರನೆಯದಕ್ಕೆ ಮತ್ತೆ. ಶೀಳ್ ಫಾಟಾ ದಾಟುವ ಹೊತ್ತಿಗೆ ನನಗೆ ವಿಷಯ ಹೊಳೆಯಿತು. ನಾನು ಕ್ಲಚ್ಚು ಒತ್ತುವುದಕ್ಕಿಂತ ಒಂದು ಕ್ಷಣ ಮೊದಲೇ ಅವರ ಬೆರಳು ನನ್ನ ಭುಜವನ್ನು ಒತ್ತುತ್ತಿತ್ತು. ಗೇರು ತಡವಾಗಿ ಬದಲಿಸಿದರೆ ಎರಡು ಸಲ ಒತ್ತುತ್ತಿತ್ತು. ಮುಂಬ್ರಾದ ಗುಡ್ಡದ ಬದಿಯ ಏರಿನಲ್ಲಿ, ಲಾರಿಗಳ ಹಿಂದೆ ನಿಧಾನಕ್ಕೆ ಹತ್ತುವಾಗ, ಆ ಬೆರಳುಗಳು ಪೂರ್ತಿ ಒತ್ತಲೂ ಇಲ್ಲ, ಪೂರ್ತಿ ಬಿಡಲೂ ಇಲ್ಲ. ಏರು ಮುಗಿಯುವವರೆಗೆ ಅರ್ಧಕ್ಕೇ ನಿಂತಿದ್ದವು. ಹಾಫ್ ಕ್ಲಚ್! ಇಷ್ಟು ಕಾಲ ನಾನು ಹುಡುಕುತ್ತಿದ್ದ ಬೆರಳಚ್ಚು ನನ್ನ ಭುಜದ ಮೇಲೇ ಬೀಳುತ್ತಿತ್ತು. ಗಾಡಿ ನಿಲ್ಲಿಸಿ, ಸಿಕ್ಕಿಬಿದ್ರಿ ಮಾವಾ ಎಂದು ಕೂಗಬೇಕೆನ್ನಿಸಿತು.

ನಿಲ್ಲಿಸಲಿಲ್ಲ. ಏಕೆಂದರೆ ಹಿಂದಿನಿಂದ ಅವರು ಏನೋ ಗುನುಗುತ್ತಿರುವುದು ಕೇಳಿಸಿತು. ಬೈಯುವುದು, ಬುದ್ಧಿ ಹೇಳುವುದು ಬಿಟ್ಟರೆ ಮಾತು ಕಡಿಮೆಯ ಆ ಮನುಷ್ಯ ಗುನುಗುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕಳವಾ ಸೇತುವೆಯ ಮೇಲೆ ಗಾಳಿ ಬೀಸಿದಾಗ ಭುಜದ ಮೇಲಿನ ಕೈ ಹಗುರಾಯಿತು. ಅವರು ಹಿಂದೆ ಕೂತಿರಲೇ ಇಲ್ಲ, ಅಷ್ಟು ದೂರವೂ ತಾವೇ ಗಾಡಿ ಓಡಿಸುತ್ತಿದ್ದರು. ನಾನು ನಡುವೆ ಇದ್ದ ಒಂದು ಬಿಡಿಭಾಗ. ಅದು ಅರ್ಥವಾದ ಮೇಲೆ ನಾನು ಅವರ ಬೆರಳು ಒತ್ತಿದಾಗ ಒತ್ತಿದೆ, ಬಿಟ್ಟಾಗ ಬಿಟ್ಟೆ, ಅವರು ಅರ್ಧ ಹಿಡಿದಾಗ ನಾನೂ ಅರ್ಧ ಹಿಡಿದೆ. ಹೊಸ ಪ್ಲೇಟುಗಳು ಸವೆದರೆ ಸವೆಯಲಿ ಎನ್ನಿಸಿತು.

ಕೋಪರಿಯ ಹೋಟೆಲಿನ ಮುಂದೆ ಹಳೆಯ ಜೊತೆಗಾರರು ಅವರನ್ನು ಹೂವಿನಂತೆ ಇಳಿಸಿದರು. ಮಾವ ಬೈಕಿನ ಸುತ್ತ ಒಂದು ಸುತ್ತು ಬಂದು, ಟ್ಯಾಂಕಿನ ಮೇಲೆ ಕೈಯಾಡಿಸಿ, ಕ್ಲಚ್ ಲಿವರನ್ನು ಎರಡು ಸಲ ಒತ್ತಿ ಬಿಟ್ಟು ನೋಡಿದರು. ಕಣ್ಣು ಒದ್ದೆಯಾಗಿತ್ತು. "ಚಂದ ಮಾಡಿದ್ರಿ" ಎಂದರು. ಎಲ್ಲರೂ ಕೇಳುವಂತೆ ಇನ್ನೊಂದು ಮಾತೂ ಸೇರಿಸಿದರು: "ಇನ್ನಾರೂ ಬೆರಳ್ ತೆಗ್ದ್ ಓಡ್ಸಿ ಮಾರಾಯ್ರೆ." ನಾನು ನೋಯುತ್ತಿದ್ದ ಎಡಭುಜವನ್ನು ಉಜ್ಜಿಕೊಳ್ಳುತ್ತ, ಆಗಲಿ ಎಂದೆ.

ಆಪರೇಶನ್ ಚೆನ್ನಾಗಿಯೇ ಆಯಿತು. ಮಾವ ಈಗ ಸೀವುಡ್ಸಿನಲ್ಲಿ ಮಗನ ಮನೆಯಲ್ಲಿದ್ದಾರೆ, ಬೆಳಿಗ್ಗೆ ಸಂಜೆ ಕೋಲು ಹಿಡಿದು ವಾಕಿಂಗ್ ಹೋಗುತ್ತಾರೆ. ಬೈಕು ಇನ್ನೂ ಕೆಲವು ವರ್ಷ ನನ್ನನ್ನು ಸ್ಟೇಷನ್ನಿಗೆ ಮುಟ್ಟಿಸಿ ಆಮೇಲೆ ಕಾಲವಾಯಿತು. ಕಾಲೇಜು ಸೇರಿದ ಅಶ್ವಿನಿಗೆ ಗೇರಿಲ್ಲದ ಸ್ಕೂಟರು ಬಂತು. ಈಗ ಬೆಳಿಗ್ಗೆ ನನ್ನನ್ನು ಸ್ಟೇಷನ್ನಿಗೆ ಬಿಡುವವಳು ಅವಳು. ಹಿಂದೆ ಕೂತವರಿಗೆ ಬೆನ್ನು ಮಾತ್ರ ಕಾಣುತ್ತದೆ ಎಂದು ಜಯಂತಿ ಹೇಳಿದ್ದು ಸುಳ್ಳಲ್ಲ. ಅಷ್ಟೇ ಕಾಣುವುದರಿಂದ ಭಯವೂ ಆಗುತ್ತದೆ. ನಿನ್ನೆ ಮೊನ್ನೆ ಗಣಿತದ ಪುಸ್ತಕಕ್ಕೆ ಕುಂಕುಮ ಹಚ್ಚಿ ಕೂತಿದ್ದ ಹುಡುಗಿಯ ಬೆನ್ನು ಅದು. ಮೊದಲ ದಿನವೇ ಸಿಗ್ನಲ್ಲಿನಲ್ಲಿ ಅವಳು ತಿರುಗಿ, "ಪಪ್ಪಾ, ಖಾಂದಾ ಸೋಡಾ ನಾ, ದುಖ್ತೋಯ್" ಎಂದಳು. ಭುಜ ಬಿಡಿ, ನೋಯುತ್ತಿದೆ. ಇದರಲ್ಲಿ ಕ್ಲಚ್ಚೇ ಇಲ್ಲ, ನೀವು ಏನನ್ನು ಒತ್ತುತ್ತಿದ್ದೀರಿ ಎಂದು ಬೇರೆ ಕೇಳಿದಳು. ನಾನು ಕೈ ತೆಗೆದು ಹಿಂದಿನ ಹಿಡಿಕೆಯ ಮೇಲೆ ಇಟ್ಟೆ. ಮುಂದಿನ ಸಿಗ್ನಲ್ಲಿನಲ್ಲಿ ನೋಡಿದರೆ ಅದು ಮತ್ತೆ ಅವಳ ಭುಜದ ಮೇಲೇ ಇತ್ತು.

ಕಳೆದ ತಿಂಗಳು ಆ ಸ್ಕೂಟರು ಸೇತುವೆಯ ಏರಿನಲ್ಲಿ ಕೂಗಿತಂತೆ, ಮುಂದೆ ಹೋಗಲಿಲ್ಲವಂತೆ. ಅಶ್ವಿನಿ ಮೆಕ್ಯಾನಿಕ್ಕಿಗೆ ತೋರಿಸಿ ಬಂದು ಊಟಕ್ಕೆ ಕೂತಾಗ ಸುದ್ದಿ ಹೇಳಿದಳು. ಲಿವರ್ ಇಲ್ಲದಿದ್ದರೇನು, ಗೇರಿಲ್ಲದ ಸ್ಕೂಟರಿಗೂ ಒಳಗೆಲ್ಲೋ ತನ್ನಷ್ಟಕ್ಕೆ ಕೆಲಸ ಮಾಡುವ ಒಂದು ಕ್ಲಚ್ಚು ಇರುತ್ತದಂತೆ. ಅದು ಸವೆದುಹೋಗಿದೆಯಂತೆ. ಮಗಳು ಮಾತು ನಿಲ್ಲಿಸಿ ನನ್ನ ಎಡಗೈಯನ್ನು ನೋಡಿದಳು. ಸಾರು ಬಡಿಸುತ್ತಿದ್ದ ಜಯಂತಿಯೂ ಅದನ್ನೇ ನೋಡಿದಳು. ಹಿಂದೆ ಕೂತವನು ಕ್ಲಚ್ಚು ಸುಡಲು ಹೇಗೆ ಸಾಧ್ಯ ಎಂದು ನಾನು ವಾದ ಶುರು ಮಾಡುವಷ್ಟರಲ್ಲಿ ಸೀವುಡ್ಸಿನಿಂದ ಮಾವನ ಫೋನು ಬಂತು. ಮೊಮ್ಮಗಳು ಸ್ಪೀಕರಿಗೆ ಹಾಕಿ ವಿಷಯ ತಿಳಿಸಿದಳು. ಆ ಕಡೆಯಿಂದ, ಕೋಪರಿಯ ಗಲ್ಲೆಯಲ್ಲಿ ಕೂತಿದ್ದಾಗಿನ ಅದೇ ದನಿಯಲ್ಲಿ, "ನಾ ಆಗಳೇ ಹೇಳ್ಳಿಲ್ಯಾ, ಆ ಬೆರಳ್ದೇ ಕೆಲ್ಸ ಅಂದೇಳಿ?" ಎಂಬ ತೀರ್ಪು ಬಂತು. ಅವರ ಬೆರಳಿನ ಕಥೆ ಹೇಳಲು ಬಾಯಿ ತೆರೆದೆ. ಆ ಗುನುಗು ನೆನಪಾಗಿ ಮುಚ್ಚಿಕೊಂಡೆ. ಎಡಗೈಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿ, ಬಲಗೈಯಲ್ಲಿ ಊಟ ಮುಂದುವರಿಸಿದೆ.